ನಾನು ಸುರಕ್ಷಿತವಾಗಿ ಎಳೆದು ತಂದ ಸಂಡಾಸು

ದೊಡ್ಡ ಗಾಡಿಯ ಹಿಂದೆ ಟ್ರೇಲರ್ ಕಟ್ಟಿ ಸುರಕ್ಷಿತವಾಗಿ ಎಳೆದೊಯ್ಯುವ ವಿಷಯದಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ. ಈಗಲೂ ಇಲ್ಲ. ಅನುಮಾನ ಇರುವುದು ನನ್ನ ಹೆಂಡತಿಯ ತವರಿನವರಿಗೆ, ಅದೂ ಟ್ರೇಲರಿನ ಮೇಲಲ್ಲ.

ನನ್ನದು ರಾಯಚೂರಿನಲ್ಲಿ ಒಂದು ಕನ್ನಡಕದ ಅಂಗಡಿ. ಮನೆಯಲ್ಲಿ ಇರುವವರು ನಾನು ಮತ್ತು ಗಿರಿಜಾ. ಹೀಗಿರುವಾಗ ನಾನು ಏಳು ಜನ ಕೂರುವ, ಲಾರಿಯ ತಮ್ಮನಂತಿರುವ ಒಂದು ಹಳೆಯ ಗಾಡಿಯನ್ನು ಕೊಂಡು ತಂದೆ. ಗಿರಿಜಾ ಅದನ್ನು ಸುತ್ತು ಹಾಕಿ ನೋಡಿ, "ಉಳಿದ ಸೀಟಿನಾಗ ಯಾರನ್ನ ಕೂಡಸ್ತೀರಿ?" ಎಂದು ಕೇಳಿದಳು.

"ಸೀಟಿನ ಮಾತಲ್ಲ ಅದು. ಈ ಗಾಡಿಗೆ ಶಕ್ತಿ ಅದ," ಎಂದೆ.

ಆ ಶಕ್ತಿಯನ್ನು ತೋರಿಸುವ ಅವಕಾಶ ಬಹಳ ದಿನ ಒದಗಲಿಲ್ಲ. ಅಂಗಡಿಗೆ ನಡೆದೇ ಹೋಗುತ್ತಿದ್ದೆ. ಅಲ್ಲಿ ಗಾಡಿ ನಿಲ್ಲಿಸಲು ಜಾಗವಿರಲಿಲ್ಲ.

ಅಷ್ಟರಲ್ಲಿ ದೇವದುರ್ಗದಲ್ಲಿರುವ ಗಿರಿಜಾಳ ತಮ್ಮ ವೀರೇಶನ ಮಗಳಿಗೆ ಮದುವೆ ಗೊತ್ತಾಯಿತು. ಮನೆಯ ಪಕ್ಕದ ಬಯಲಿನಲ್ಲೇ ಚಪ್ಪರ ಹಾಕಿ ಮದುವೆ. ಬೀಗರು ರಾಯಚೂರಿನವರು, ಬಹಳ ಸಭ್ಯರು. ವರದಕ್ಷಿಣೆ ಬೇಡ, ಬಂಗಾರ ಬೇಡ ಅಂದಿದ್ದರು. ಅವರು ಕೇಳಿದ್ದು ಒಂದೇ: "ವಯಸ್ಸಾದವರು, ಹೆಣ್ಣುಮಕ್ಕಳು ಭಾಳ ಮಂದಿ ಬರ್ತಾರ. ಸಂಡಾಸಿನ ವ್ಯವಸ್ಥಾ ಒಂದು ಚಲೋ ಇರ್ಲಿ."

ವೀರೇಶನ ಮನೆಯಲ್ಲಿ ಇರುವುದು ಒಂದೇ. ಅವನು ವಿಚಾರಿಸಿ ವಿಚಾರಿಸಿ, ಮಾನ್ವಿಯ ಶಾಮಿಯಾನದವರ ಹತ್ತಿರ ಚಕ್ರದ ಮೇಲಿರುವ ಸಂಡಾಸು ಇದೆ ಎಂದು ಪತ್ತೆ ಮಾಡಿದ. ತಗಡಿನ ಕೋಣೆ, ಮೇಲೆ ನೀರಿನ ಟ್ಯಾಂಕು, ಕೆಳಗೆ ಎರಡು ಗಾಲಿ. ಅದನ್ನು ಎಳೆದು ತರಲು ಒಂದು ಟ್ರ್ಯಾಕ್ಟರ್ ಕಳಿಸುವುದಾಗಿ ಫೋನಿನಲ್ಲಿ ಹೇಳಿದ.

"ಟ್ರ್ಯಾಕ್ಟರ್ ಯಾಕ?" ಎಂದೆ ನಾನು. ನನ್ನ ದನಿ ನನಗೇ ಗಂಭೀರವಾಗಿ ಕೇಳಿಸಿತು. "ನಾ ಇಲ್ಲೇನು?"

"ಮಾಮಾ, ನಿಮಗ್ಯಾಕ ತ್ರಾಸು..."

"ತ್ರಾಸಿನ ಪ್ರಶ್ನೇನ ಇಲ್ಲ. ಗಾಡಿಗೆ ಶಕ್ತಿ ಅದ."

ವೀರೇಶ ಸಂಕೋಚದಿಂದ ಇನ್ನೊಂದು ಕೆಲಸವನ್ನೂ ಹೇಳಿದ. ಮದುಮಗನ ಸೋದರಮಾವ ಮಾನ್ವಿಯಲ್ಲೇ ಇದ್ದಾರೆ, ಚನ್ನಬಸಪ್ಪ ಮಾಸ್ತರರು. ನಿವೃತ್ತ ಹೆಡ್‌ಮಾಸ್ತರು. ಈ ಸಂಬಂಧ ಕುದುರಿದ್ದೇ ಅವರ ಒಂದು ಮಾತಿನಿಂದ. ಬೀಗರ ಮನೆಯಲ್ಲಿ ಅವರು ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. "ಅವರನ್ನೂ ನಿಮ್ಮ ಗಾಡಿಯೊಳಗ ಆರಾಮಾಗಿ ಕರ್ಕೊಂಡು ಬಂದುಬಿಡ್ರಿ ಮಾಮಾ. ಹಿರೇರು, ಸ್ವಲ್ಪನೂ ಬ್ಯಾಸರ ಆಗಬಾರ್ದು."

ಆಗಲಿ ಎಂದೆ.

ನಾನು ಯಾವ ಕೆಲಸವನ್ನೂ ಅರ್ಧಂಬರ್ಧ ಮಾಡುವವನಲ್ಲ. ಗಾಡಿಯ ಹಿಂದೆ ಗಟ್ಟಿಯಾದ ಕೊಂಡಿ ಹಾಕಿಸಿದೆ. ಮೊಬೈಲಿನಲ್ಲಿ ವಿಡಿಯೋಗಳನ್ನು ನೋಡಿದೆ. ಬೇರೆ ದೇಶದ, ದೊಡ್ಡ ಟೋಪಿಯ ಒಬ್ಬ ದಪ್ಪ ಮನುಷ್ಯ ಅದರಲ್ಲಿ ಎಲ್ಲವನ್ನೂ ವಿವರಿಸುತ್ತಿದ್ದ. ಟ್ರೇಲರಿನ ಭಾರ ಮುಂದಕ್ಕಿರಬೇಕು, ಹಿಂದಕ್ಕಿದ್ದರೆ ಬಾಲ ಆಡಿಸಿದಂತೆ ಓಲಾಡುತ್ತದೆ. ಓಲಾಡಿದರೆ ಬ್ರೇಕ್ ಒತ್ತಬಾರದು, ವೇಗವನ್ನು ಮೆಲ್ಲಗೆ ಇಳಿಸಬೇಕು. ಕೊಂಡಿಯ ಜೊತೆಗೆ ಸರಪಳಿಯೂ ಇರಬೇಕು. ಎಲ್ಲಿ ನಿಲ್ಲಿಸಿದರೂ ಹೊರಡುವ ಮುನ್ನ ಇಳಿದು ಸುತ್ತ ಒಮ್ಮೆ ತಪಾಸಣೆ ಮಾಡಬೇಕು. ರಿವರ್ಸ್ ತೆಗೆಯುವಾಗ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದರೆ ಟ್ರೇಲರ್ ಎಡಕ್ಕೆ ಹೋಗುತ್ತದೆ, ಎಡಕ್ಕೆ ತಿರುಗಿಸಿದರೆ ಬಲಕ್ಕೆ.

ಈ ಕೊನೆಯ ಪಾಠವನ್ನು ನಾನು ಅಡುಗೆಮನೆಯ ಕಟ್ಟೆಯ ಮೇಲೆ ಚಪಾತಿ ಮಣೆಗೆ ಸಾಸಿವೆ ಡಬ್ಬಿ ಕಟ್ಟಿ ಅಭ್ಯಾಸ ಮಾಡಿದೆ. ಸಾಸಿವೆ ಇಡೀ ಮನೆಯ ತುಂಬ ಸಿಡಿಯಿತು. ಗಿರಿಜಾ ಕಸಬರಿಗೆ ತಂದು ನನ್ನ ಕೈಗೆ ಕೊಟ್ಟಳು.

ಮದುವೆಯ ಹಿಂದಿನ ದಿನ ನಾವು ಹೊರಟೆವು. ನಾನು, ಗಿರಿಜಾ, ಮತ್ತು ಅವಳ ಚಿಗವ್ವ ಸೋಮವ್ವ. ಸೋಮವ್ವನಿಗೆ ಕಿವಿ ಮಂದ. ನಡುವಿನ ಸೀಟಿನಲ್ಲಿ ಅವರು ಕೂತರು, ಅವರ ಪಕ್ಕದಲ್ಲಿ ಜೋಳದ ರೊಟ್ಟಿಯ ಗಂಟು, ಶೇಂಗಾ ಹೋಳಿಗೆಯ ಬುಟ್ಟಿ, ಹಾಸಿಗೆ ಸುರುಳಿ ಸೂರಿನ ತನಕ ಏರಿದವು. ಮಾನ್ವಿ ತಲುಪಿ ಚನ್ನಬಸಪ್ಪ ಮಾಸ್ತರರನ್ನು ಹತ್ತಿಸಿಕೊಂಡೆವು. ಬಿಳಿ ಧೋತರ, ಬಿಳಿ ಅಂಗಿ, ಕರಿ ಟೋಪಿ. ನಮಸ್ಕಾರಕ್ಕೆ ತಲೆಯಾಡಿಸಿದರು. ಪ್ರಯಾಣ ಹೇಗಿತ್ತು ಎಂದು ಅವರು ಕೇಳಲಿಲ್ಲ, ನಾವು ಕೇಳಿದ್ದಕ್ಕೆ ಅವರು ಹೇಳಲಿಲ್ಲ. ಕಾಲು ಚಾಚಲು ಅನುಕೂಲವಾಗಲಿ ಎಂದು ನಾನೇ ಅವರನ್ನು ಹಿಂಬಾಗಿಲಿನಿಂದ ಹತ್ತಿಸಿ ಕಡೆಯ ಸೀಟಿನಲ್ಲಿ ಕೂರಿಸಿದೆ. ಕೂತ ಮೇಲೆ ಹಾಸಿಗೆ ಸುರುಳಿಗಳ ಆಚೆ ಅವರು ಕಾಣಲಿಲ್ಲ, ಕೇಳಿಸಲೂ ಇಲ್ಲ.

ಶಾಮಿಯಾನದವರ ಅಂಗಳದಲ್ಲಿ ಸಂಡಾಸನ್ನು ಕಟ್ಟುವ ಕಾರ್ಯ ಶಾಸ್ತ್ರೋಕ್ತವಾಗಿ ನಡೆಯಿತು. ಕೊಂಡಿ ಸಿಕ್ಕಿಸಿದೆ, ಸರಪಳಿ ಬಿಗಿದೆ, ಹಿಂದಿನ ದೀಪ ಹತ್ತುವುದನ್ನು ನೋಡಿದೆ. ಬಾಗಿಲಿಗೆ ಒಂದು ಕೀಲಿ, ಒತ್ತಿದರೆ ತಾನೇ ಬೀಳುವಂಥ ಬೀಗ. ಅದರ ಕೀಲಿಕೈಯನ್ನು ಜೋಪಾನವಾಗಿರಲೆಂದು ನಮ್ಮೆಲ್ಲರಲ್ಲಿ ಹಿರಿಯರಾದ ಮಾಸ್ತರರಿಗೇ ಒಪ್ಪಿಸಿದೆ. ಅವರು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಗಿರಿಜಾಳ ಮೊಬೈಲನ್ನೂ ನನ್ನ ಮೊಬೈಲನ್ನೂ ಸದ್ದು ಬರದಂತೆ ಮಾಡಿ ಗಾಡಿಯ ಮುಂದಿನ ಡಬ್ಬಿಯೊಳಗಿಟ್ಟೆ.

"ಯಾರರ ಫೋನ್ ಮಾಡಿದ್ರ?" ಎಂದಳು ಗಿರಿಜಾ.

"ಟ್ರೇಲರ್ ಎಳೆಯುವಾಗ ಚಾಲಕನ ಏಕಾಗ್ರತೆ ಕೆಡಬಾರ್ದು. ನಿಯಮ."

"ಯಾರ ನಿಯಮ?"

"ವಿಡಿಯೋದಾಗಿನ ಟೋಪಿಯವಂದು."

ಮಾನ್ವಿಯಿಂದ ಸಿರವಾರದ ತನಕ ಗಾಡಿ ಹೂವಿನಂತೆ ಓಡಿತು. ಹಿಂದೆ ಸಂಡಾಸು ಇದೆಯೆಂಬುದೇ ಗೊತ್ತಾಗಲಿಲ್ಲ. ಹೊಲಗಳಲ್ಲಿದ್ದವರು ಕೆಲಸ ಬಿಟ್ಟು ನೋಡಿದರು. ನಾನು ಎದೆಯುಬ್ಬಿಸಿ ಕೂತಿದ್ದೆ. ಗಿರಿಜಾ ಸೆರಗನ್ನು ಮುಖದ ಮೇಲೆ ಎಳೆದುಕೊಂಡಿದ್ದಳು, ಬಿಸಿಲಿಗೆ ಎಂದು ತಿಳಿದೆ.

ಸಿರವಾರದಲ್ಲಿ ಚಹಾಕ್ಕೆ ನಿಲ್ಲಿಸಿದೆ. ಬಸ್ಸುಗಳ ಹಾರ್ನು, ಹೋಟೆಲಿನ ಹಾಡು, ಜನರ ಗದ್ದಲ. ಸೋಮವ್ವ ಇಳಿಯಲಿಲ್ಲ. ಅವರಿಗೆ ಚಹಾ ಒಯ್ದುಕೊಟ್ಟ ಗಿರಿಜಾ, "ಮಾಸ್ತರ್ರಿಗೆ ಬೇಕೇನು ಕೇಳ್ರಿ," ಎಂದಳು. ನಾನು ಹಾಸಿಗೆ ಸುರುಳಿಯ ಈಚೆಯಿಂದ, "ಮಾಸ್ತರ್ರ, ಚಹಾ?" ಎಂದು ಕೇಳಿದೆ. ಉತ್ತರ ಬರಲಿಲ್ಲ. ಅವರು ಉತ್ತರ ಕೊಡುವ ಪೈಕಿ ಅಲ್ಲ ಎಂಬುದು ಅಷ್ಟರಲ್ಲಿ ನಮಗೆ ತಿಳಿದಿತ್ತು. "ಮಲಗ್ಯಾರ. ಎಬ್ಬಿಸೋದು ಬ್ಯಾಡ," ಎಂದೆ.

ಹೊರಡುವ ಮುನ್ನ ನಿಯಮದ ಪ್ರಕಾರ ತಪಾಸಣೆ ಮಾಡಿದೆ. ಗಾಲಿಗಳನ್ನು ಒದ್ದು ನೋಡಿದೆ. ಕೊಂಡಿ ಅಲ್ಲಾಡಿಸಿದೆ. ಸರಪಳಿ ಎಳೆದೆ. ದೀಪ ನೋಡಿದೆ. ಆಮೇಲೆ ಬಾಗಿಲ ಹತ್ತಿರ ಬಂದು ನೋಡುತ್ತೇನೆ, ಎದೆ ಧಸಕ್ಕೆಂದಿತು. ಬಾಗಿಲು ಮುಚ್ಚಿತ್ತು, ಆದರೆ ಕೀಲಿ ಬಿಚ್ಚಿಕೊಂಡು ಚಿಲಕದಲ್ಲಿ ಜೋತಾಡುತ್ತಿತ್ತು! ಹಾದಿಯಲ್ಲಿ ಬಾಗಿಲು ತೆರೆದುಕೊಂಡು ಎದುರಿನ ಗಾಡಿಗೆ ಬಡಿದಿದ್ದರೆ? ಶಾಮಿಯಾನದವರ ಬೇಜವಾಬ್ದಾರಿಯನ್ನು ಮನಸ್ಸಿನಲ್ಲೇ ಬೈದೆ. ಚಿಲಕ ಎಳೆದು, ಕೀಲಿಯನ್ನು ಟಕ್ಕೆಂದು ಒತ್ತಿದೆ. ಎರಡು ಸಲ ಜಗ್ಗಿ ನೋಡಿದೆ. ಗಟ್ಟಿಯಾಗಿ ಬಿದ್ದಿತ್ತು.

"ನೋಡಿದೇನು?" ಎಂದೆ ಗಿರಿಜಾಳಿಗೆ, ಸ್ಟೇರಿಂಗ್ ಹಿಡಿಯುತ್ತ. "ತಪಾಸ ಮಾಡಿದ್ದಕ್ಕ ಒಂದು ಅನಾಹುತ ತಪ್ಪಿತು."

ಸಿರವಾರ ದಾಟಿದ ಸ್ವಲ್ಪ ಹೊತ್ತಿಗೆ ಟ್ರೇಲರ್ ಓಲಾಡಲು ಶುರುವಾಯಿತು. ಅಲ್ಲಿಯತನಕ ಹೂವಿನಂತಿದ್ದದ್ದು ಈಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಗ್ಗತೊಡಗಿತು. ನಾನು ಗಾಬರಿಯಾಗಲಿಲ್ಲ. ಬ್ರೇಕ್ ಒತ್ತಲಿಲ್ಲ. ಎತ್ತಿನ ಬಂಡಿಯ ವೇಗಕ್ಕೆ ಇಳಿಸಿದೆ. ಓಲಾಟ ಕಡಿಮೆಯಾಯಿತು, ಅದರ ಬದಲು ಧಡ್ ಧಡ್ ಎಂಬ ಸದ್ದು ಬರತೊಡಗಿತು.

"ಹಿಂದ ಏನೋ ಬಡಿಯಾಕತ್ತದಲ್ರೀ," ಎಂದಳು ಗಿರಿಜಾ.

"ಸರಪಳಿ ಅದು. ಸರಪಳಿ ಸದ್ದು ಮಾಡಾಕತ್ತದ ಅಂದ್ರ ಸರಪಳಿ ಅದ ಅಂತ ಅರ್ಥ."

ಆಗ ಸೋಮವ್ವ ಬಾಯಿ ತೆರೆದರು. "ಯಾರೋ ಕರಿಯಾಕತ್ತಾರಲ್ಲೇ ಯವ್ವಾ. 'ಬಾಗಿಲಾ, ಬಾಗಿಲಾ' ಅನ್ನಾಕತ್ತಾರ."

ಗಿರಿಜಾ ಹಿಂದೆ ತಿರುಗಿ ಅವರ ಕಿವಿಯ ಹತ್ತಿರ ಕೂಗಿದಳು. "ಯಾರೂ ಇಲ್ಲ ಚಿಗವ್ವಾ! ನಿನಗ ಕಿವಿ ಕೇಳಂಗಿಲ್ಲ!"

"ಹೌದೇನು," ಎಂದರು ಸೋಮವ್ವ.

ಮುಂದೆ ರಸ್ತೆಯಲ್ಲಿ ನಮಗೆ ಸಿಕ್ಕ ಗೌರವವನ್ನು ಹೇಗೆ ವರ್ಣಿಸಲಿ? ಹಿಂದಿನಿಂದ ಬಂದ ಆಟೋದವನು ನಮ್ಮನ್ನು ದಾಟುವಾಗ ಕೈಯೆತ್ತಿ ಬೀಸಿದ. ನಾನೂ ಬೀಸಿದೆ. ಹತ್ತಿ ತುಂಬಿದ ಲಾರಿಯ ಮೇಲಿದ್ದ ಆಳುಗಳು ಎದ್ದು ನಿಂತು ಎರಡೂ ಕೈ ಆಡಿಸಿದರು. ನಾನು ದೀಪ ಹತ್ತಿಸಿ ಆರಿಸಿ ವಂದನೆ ಸಲ್ಲಿಸಿದೆ. ಕಿಟಕಿ ಮುಚ್ಚಿ ಏಸಿ ಹಾಕಿದ್ದರಿಂದ ಅವರ ಮಾತು ಕೇಳಿಸಲಿಲ್ಲ, ಆದರೆ ಮೆಚ್ಚುಗೆ ಮುಖದಲ್ಲೇ ಕಾಣುತ್ತಿತ್ತು.

"ನಮ್ಮ ಕಡೆ ಮಂದಿ ಇನ್ನೂ ಟ್ರೇಲರ್ ನೋಡಿಲ್ಲ. ಅದಕ್ಕ ಇಷ್ಟು ಸಡಗರ," ಎಂದೆ.

"ಒಂದು ಸಲ ನಿಲ್ಲಸ್ರಿ. ನನಗ್ಯಾಕೋ ಚಲೋ ಅನಸವಲ್ದು."

"ಇನ್ನೇನು ದೇವದುರ್ಗ ಬಂತು. ಹೊತ್ತು ಮುಳುಗೋದ್ರಾಗ ಮುಟ್ಟಬೇಕು."

ದೇವದುರ್ಗದ ಕಡೆಯಿಂದ ಒಂದು ಮೋಟರ್ ಸೈಕಲ್ ಬಂತು. ಮೇಲೆ ಇಬ್ಬರು. ನಮ್ಮನ್ನು ಕಂಡವರೇ ಗಕ್ಕನೆ ತಿರುಗಿಸಿ ಪಕ್ಕಕ್ಕೆ ಬಂದರು. ಹಿಂದೆ ಕೂತವನು ಹೆಬ್ಬೆರಳಿನಿಂದ ಟ್ರೇಲರನ್ನು ತೋರಿಸಿದ. ಆಮೇಲೆ ಗಾಳಿಯಲ್ಲಿ ಕೀಲಿಕೈ ತಿರುಗಿಸುವಂತೆ ಕೈ ತಿರುಗಿಸಿದ. ಆಮೇಲೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ. ವೀರೇಶ ನಮ್ಮನ್ನು ಎದುರುಗೊಳ್ಳಲು ಜನ ಕಳಿಸಿದ್ದಾನೆ ಎಂದುಕೊಂಡು ನನ್ನ ಕಣ್ಣು ತುಂಬಿ ಬಂತು. ಅವರು ಮುಂದೆ ಹೋಗಿ ರಸ್ತೆಗೆ ಅಡ್ಡಲಾಗಿ ನಿಂತರು. ಟ್ರೇಲರ್ ಇರುವಾಗ ಥಟ್ಟನೆ ಬ್ರೇಕ್ ಒತ್ತಬಾರದು. ಒತ್ತಲಿಲ್ಲ. ಅಗಲವಾದ ತಿರುವು ತೆಗೆದುಕೊಂಡು ಅವರನ್ನು ಬಳಸಿ ಸಾಗಿದೆ. ಕನ್ನಡಿಯಲ್ಲಿ ನೋಡಿದರೆ ಇಬ್ಬರೂ ತಲೆಯ ಮೇಲೆ ಕೈ ಹೊತ್ತು ನಿಂತಿದ್ದರು.

ಮದುವೆ ಬಯಲಿಗೆ ಬಂದಾಗ ಇಡೀ ಚಪ್ಪರವೇ ರಸ್ತೆಗೆ ಬಂದಿತ್ತು. ಬೀಗರೂ ರಾಯಚೂರಿನಿಂದ ಬಸ್ಸು ಮಾಡಿಕೊಂಡು ಆಗಲೇ ಬಂದಿಳಿದಿದ್ದರು. ಮದುಮಗನ ತಂದೆ ಎಲ್ಲರಿಗಿಂತ ಮುಂದೆ ನಿಂತಿದ್ದರು. ವೀರೇಶ ಓಡಿ ಬಂದು ಗಾಜು ಬಡಿದ. ಗಾಜು ಇಳಿಸಿದೆ. ಅವನು ಏದುಸಿರು ಬಿಡುತ್ತಿದ್ದ.

"ಮಾಮಾ... ಮಾಸ್ತರ್ರು..."

"ಆರಾಮ ಮಲಗ್ಯಾರ. ಒದರಬ್ಯಾಡ. ಮೊದಲು ಇದನ್ನ ರಿವರ್ಸ್ ತಗದು ನಿಲ್ಲಸ್ತೀನಿ, ಆ ಕಡೆ ಸರಿ."

"ಬ್ಯಾಡ ಮಾಮಾ! ಬ್ಯಾಡ!"

ನನ್ನ ಕೌಶಲದ ಮೇಲೆ ಅವನಿಗೆ ನಂಬಿಕೆಯಿಲ್ಲ ಎಂದುಕೊಂಡು ಗಾಜು ಏರಿಸಿದೆ. ಸಂಡಾಸು ಚಪ್ಪರದ ಎಡಕ್ಕೆ, ಬೇವಿನ ಮರದ ಮರೆಗೆ ನಿಲ್ಲಬೇಕಿತ್ತು. ಎಡಕ್ಕೆ ಹೋಗಬೇಕೆಂದರೆ ಬಲಕ್ಕೆ ತಿರುಗಿಸಬೇಕು. ಬಲಕ್ಕೆ ತಿರುಗಿಸಿದೆ. ಆದರೆ ಕನ್ನಡಿಯಲ್ಲಿ ಎಡಬಲ ಅದಲುಬದಲಾಗುತ್ತದೆ ಎಂಬ ವೈಜ್ಞಾನಿಕ ಸತ್ಯ ಅದೇ ಗಳಿಗೆಯಲ್ಲಿ ನೆನಪಾಗಿ, ತಿರುಗಿಸಿದ್ದನ್ನು ಮತ್ತೆ ತಿರುಗಿಸಿದೆ. ಮಂದಿ ಕೂಗಿದರು. ಕೂಗಿದಷ್ಟೂ ನಾನು ತಿರುಗಿಸಿದೆ. ಟ್ರೇಲರ್ ನೇರವಾಗಿ ಸ್ವಾಗತದ ಕಮಾನಿಗೆ ಹೋಗಿ ಗುದ್ದಿತು!

ಬಿದಿರು ಮುರಿದ ಸದ್ದು. ಹೂವಿನ ಕಮಾನು ನಿಧಾನವಾಗಿ, ಯೋಚನೆ ಮಾಡಿದಂತೆ ಬಾಗಿ, ಸಂಡಾಸಿನ ಮೇಲೆ ಒರಗಿತು. ಬಾಗಿಲಿನ ಮೇಲುಗಡೆ 'ಸುಸ್ವಾಗತ' ಎಂಬ ಬಟ್ಟೆ ಅಚ್ಚುಕಟ್ಟಾಗಿ ಬಂದು ನಿಂತಿತು.

ನಾನು ಇಂಜಿನ್ ನಿಲ್ಲಿಸಿದೆ. ಆಗ ಸಂಡಾಸಿನ ಒಳಗಿನಿಂದ ಒಂದು ದನಿ ಬಂತು. ಬಹಳ ಶಾಂತವಾದ, ಶಾಲೆಯ ದನಿ.

"ಯಾರರ ಅದೀರೇನು?"

ನಾನು ಇಳಿದು, ಗಾಡಿಯ ಹಿಂಬಾಗಿಲು ತೆಗೆದು ನೋಡಿದೆ. ಕಡೆಯ ಸೀಟಿನ ಮೇಲೆ ಮಡಚಿಟ್ಟ ಒಂದು ಶಾಲು, ಅದರ ಮೇಲೆ ಕರಿ ಟೋಪಿ. ಮನುಷ್ಯ ಇಲ್ಲ. ಎಪ್ಪತ್ತು ದಾಟಿದ ಜೀವ. ಸಿರವಾರದಿಂದ ಇಲ್ಲಿಯತನಕ, ಆ ಬಿಸಿಲಿನಲ್ಲಿ, ಆ ತಗಡಿನೊಳಗೆ. ನಾನು ಕೈ ಬೀಸುತ್ತ ಬಂದಿದ್ದೆ.

"ಕೀಲಿಕೈ ಎಲ್ಲದ ಮಾಮಾ?" ವೀರೇಶ ಅಳುವ ಹಾಗಿದ್ದ.

"ಮಾಸ್ತರ್ರ ಹತ್ರ," ಎಂದೆ.

ಅವನು ನನ್ನನ್ನು ನೋಡಿದ. ಮದುಮಗನ ತಂದೆ ನನ್ನನ್ನು ನೋಡಿದರು. ಗಿರಿಜಾ ಮಾತ್ರ ನೋಡಲಿಲ್ಲ, ಅವಳು ನೆಲ ನೋಡುತ್ತಿದ್ದಳು. ಅಷ್ಟರಲ್ಲಿ ಗಾಳಿಗಿಂಡಿಯಿಂದ, 'ಸುಸ್ವಾಗತ'ದ ಪಕ್ಕದಲ್ಲಿ, ಬಿಳಿ ತೋಳಿನ ಒಂದು ಕೈ ಹೊರಬಂತು. ಬೆರಳಲ್ಲಿ ಕೀಲಿಕೈ ಇತ್ತು. ಅದು ಅಲ್ಲಾಡಲಿಲ್ಲ, ಅವಸರ ಮಾಡಲಿಲ್ಲ. ಯಾರಾದರೂ ತೆಗೆದುಕೊಳ್ಳಲಿ ಎಂದು ಸುಮ್ಮನೆ ಕಾಯಿತು.

ಬಾಗಿಲು ತೆಗೆದರು. ಮಾಸ್ತರರು ಮೊಣಕಾಲ ತನಕ ಒದ್ದೆಯಾಗಿದ್ದರು. ಟ್ಯಾಂಕಿನ ನೀರು ತುಳುಕಿ ತುಳುಕಿ ಒಳಗೆ ಇಳಿದಿತ್ತು. ಮೆಟ್ಟಿಲಿಳಿದು, ತಲೆ ಮುಟ್ಟಿಕೊಂಡು, "ಟೋಪಿ," ಎಂದರು. ನಾನು ಓಡಿ ತಂದುಕೊಟ್ಟೆ. ವೀರೇಶ ಕುರ್ಚಿ ತಂದ, ಗಿರಿಜಾ ನೀರು ತಂದಳು. ಕುಡಿದು, ಮುಖ ತೊಳೆದುಕೊಂಡರು.

ಅವರು ವೀರೇಶನಿಗೆ ಮಾಡಿದ್ದ ಫೋನಿನ ವಿಷಯ ಆಗ ತಿಳಿಯಿತು. ನನ್ನ ನಂಬರು ಅವರ ಹತ್ತಿರ ಇರಲಿಲ್ಲ. ವೀರೇಶನಿಗೆ ಫೋನ್ ಮಾಡಿ ಹೇಳಿದ್ದಿಷ್ಟು: "ನಾ ಸಂಡಾಸದಾಗ ಅದೀನಿ. ಸಂಡಾಸ ದೇವದುರ್ಗಕ್ಕ ಬರಾಕತ್ತದ." ವೀರೇಶನಿಗೆ ಇದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತಂತೆ.

"ಕೀಲಿ ಹಾಕೋ ಮುಂದ ಒಂದು ಮಾತು ಒದರಬಾರದಾಗಿತ್ತೇನ್ರೀ ಮಾಸ್ತರ್ರ?" ಎಂದು ನಾನು ತಡೆಯಲಾರದೆ ಕೇಳಿದೆ.

"ಒಳಗ ಕುಂತಾಗ ಮಾತಾಡೋ ರೂಢಿ ಇಲ್ಲ ನನಗ," ಎಂದರು.

ಮದುಮಗನ ತಂದೆಗೆ ಸಿಟ್ಟು ನೆತ್ತಿಗೇರಿತ್ತು. "ಕನ್ನಡಕದ ಅಂಗಡಿ ಅಂತೀರಿ. ಇಷ್ಟು ದೊಡ್ಡ ಮನುಷ್ಯಾ ಇಲ್ದಿದ್ದು ನಿಮಗ ಕಾಣಲಿಲ್ಲೇನ್ರೀ? ನಮ್ಮ ಮನಿ ಹಿರೇರನ್ನ ಸಂಡಾಸದಾಗ ಹಾಕ್ಕೊಂಡು ಮೆರವಣಿಗಿ ಮಾಡಿದ್ರಿ! ವೀರೇಶಪ್ಪಾ, ಇಂಥಾ ಮನಿತನಕ್ಕ ನಾವು..."

ವೀರೇಶನ ಮುಖ ಬಿಳಿಚಿತು. ಮನೆಯ ಬಾಗಿಲಲ್ಲಿ ಅರಿಷಿಣದ ಮೈಯಲ್ಲಿ ನಿಂತಿದ್ದ ಮದುಮಗಳು ಒಳಗೆ ಸರಿದಳು. ಆ ಹುಡುಗಿಯನ್ನು ನಾನು ತೊಡೆಯ ಮೇಲೆ ಆಡಿಸಿದವನು. ಆ ಕ್ಷಣ ನನಗೆ ಅನ್ನಿಸಿದ್ದನ್ನು ಹೇಳಿಬಿಡುತ್ತೇನೆ: ಯಾರಾದರೂ ನನ್ನನ್ನು ಆ ತಗಡಿನೊಳಗೆ ಹಾಕಿ, ಕೀಲಿ ಒತ್ತಿ, ಕಲಬುರಗಿಯ ತನಕ ಎಳೆದುಕೊಂಡು ಹೋಗಿದ್ದರೆ ನಾನು ತುಟಿ ಬಿಚ್ಚುತ್ತಿರಲಿಲ್ಲ.

ನಾನು ಹೋಗಿ ಮಾಸ್ತರರ ಕಾಲು ಹಿಡಿದೆ. "ತಪ್ಪು ನಂದು. ಬಯ್ಯೋದಿದ್ರ ನನಗ ಬಯ್ರಿ. ಹುಡುಗಿಗೆ ಏನೂ ಅನ್ನಬ್ಯಾಡ್ರಿ."

ಮಾಸ್ತರರು ಕಾಲನ್ನು ಹಿಂದಕ್ಕೆಳೆದುಕೊಂಡು, ಮದುಮಗನ ತಂದೆಯ ಕಡೆ ತಿರುಗಿದರು.

"ನೀವು ಸಂಡಾಸು ಚಲೋ ಇರ್ಬೇಕು ಅಂದಿದ್ರಿ," ಎಂದರು. "ಚಲೋ ಅದ. ನಾ ನೋಡೀನಿ. ಭಾಳ ಹೊತ್ತು ನೋಡೀನಿ. ನೀರು ಬರ್ತದ, ಗಾಳಿ ಬರ್ತದ. ಬೇಕಾದ್ರ ಮಂದಿಗೆ ಒಳಗ ಹಿಡ್ಕೊಳ್ಳಾಕ ಒಂದು ಕಬ್ಬಿಣದ ಪಟ್ಟಿನೂ ಅದ." ಟೋಪಿ ಸರಿಮಾಡಿಕೊಂಡು, "ಮದುವಿ ನಡೀಲಿ. ನನಗ ಚಹಾ ತರ್ರಿ. ಸಿರವಾರದಾಗ ತಪ್ಪಿತು," ಎಂದರು.

ಮೊದಲು ಯಾರು ನಕ್ಕರೋ ತಿಳಿಯದು. ಮದುಮಗನ ತಂದೆ ಬಾಯಿಗೆ ಟವೆಲ್ ಒತ್ತಿಕೊಂಡು ಆಚೆ ತಿರುಗಿದ್ದನ್ನು ನಾನು ಕಂಡೆ. ಆಮೇಲೆ ಚಪ್ಪರದ ತುಂಬ ನಗು. ಸೋಮವ್ವ ಗಾಡಿಯಿಂದ ಇಳಿದು, ಗಿರಿಜಾಳ ಹತ್ತಿರ ಬಂದು, "ನಾ ಹೇಳಲಿಲ್ಲೇನು?" ಎಂದರು. ಅವತ್ತು ರಾತ್ರಿಯೆಲ್ಲ ಅವರು ಅಷ್ಟೇ ಹೇಳುತ್ತಿದ್ದರು, ಸಿಕ್ಕ ಸಿಕ್ಕವರಿಗೆಲ್ಲ.

ಮರುದಿನ ಮದುವೆ ಸಾಂಗವಾಗಿ ನಡೆಯಿತು. ಅಕ್ಷತೆ ಬಿದ್ದ ಮೇಲೆ ಊಟಕ್ಕೆ ಎದ್ದಾಗ ಮಾಸ್ತರರು ತಾವಾಗಿಯೇ ನನ್ನ ಹತ್ತಿರ ಬಂದು, ನನ್ನ ಎಡಗೈ ಹಿಡಿದುಕೊಂಡರು. ಪಂಕ್ತಿಯಲ್ಲಿ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಹೋಳಿಗೆ ಬಂತು, ಅನ್ನ ಬಂತು, ಮಜ್ಜಿಗೆ ಬಂತು, ಅವರು ಕೈ ಬಿಡಲಿಲ್ಲ. ಫೋಟೋದವನು ಬಂದಾಗಲೂ ಬಿಡಲಿಲ್ಲ. ಬೀಗರ ಕಡೆಯವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಇಂಥ ದೊಡ್ಡ ಮನಸ್ಸಿನ ಮನುಷ್ಯರೂ ಇರುತ್ತಾರಲ್ಲ ಎಂದುಕೊಂಡೆ. ಎಲೆಯ ಮೇಲಿನ ಹೋಳಿಗೆ ಮಂಜಾಗಿ ಕಂಡಿತು.

ಅಷ್ಟರಲ್ಲಿ ವೀರೇಶ ನಮ್ಮ ಹತ್ತಿರ ಬಂದು, ಬಗ್ಗಿ, ಮಾಸ್ತರರ ಕಿವಿಯಲ್ಲಿ, "ಇನ್ನೂ ಸ್ವಲ್ಪ ಹೊತ್ತು ಹಿಡಕೊಂಡಿರ್ರಿ. ಟ್ರ್ಯಾಕ್ಟರ್ ಬಂದದ. ವಾಪಸ್ ಒಯ್ಯಾಕ ಸಂಡಾಸು ಕಟ್ಟಾಕತ್ತೀವಿ," ಎಂದ.

"ಆಗ್ಲಿ, ಸಾವಕಾಶ ಕಟ್ಟ್ರಿ," ಎಂದರು ಮಾಸ್ತರರು, ನನ್ನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು. "ಇವರು ಗಾಡಿ ಹತ್ರ ಹೋಗಂಗಿಲ್ಲ. ನಾ ಅದೀನಿ."

ನಾನು ಬಲಗೈಯಿಂದ ಮಜ್ಜಿಗೆ ಕುಡಿದೆ.